ಹದಿಮೂರನೆಯ ಚಿತ್ರ



ಹೋದ ದೀಪಾವಳಿಗೆ ಮನೆ ಶುಚಿ ಮಾಡುವಾಗ ಅಟ್ಟದಿಂದ ಬಿಸ್ಕತ್ತಿನ ತಗಡಿನ ಡಬ್ಬವೊಂದು ಕೆಳಗಿಳಿಯಿತು. ಅದರೊಳಗೆ ನಾನು ಶಾಲೆಯಲ್ಲಿದ್ದ ಕಾಲದಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಗಳ ನೆಗೆಟಿವ್‌ಗಳಿದ್ದವು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಿಳಿಯ ಅಂಗಿಗಳೆಲ್ಲ ಕಪ್ಪಾಗಿ, ಕಪ್ಪು ತಲೆಗಳೆಲ್ಲ ನರೆತಂತೆ ಕಂಡವು. ನಿಮ್ಮಲ್ಲಿ ಅನೇಕರಿಗೆ ಈಗ ನಿಜವಾಗಿಯೇ ತಲೆ ನರೆತಿರಬೇಕು.

ಈ ಸಂಗತಿಯನ್ನು ಬೆಂಗಳೂರಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿಯಲ್ಲಿ ಹೇಳಿದೆ. ಅವನು ಈಗಲೂ ಫಿಲ್ಮ್ ಹಾಕಿ ಚಿತ್ರ ತೆಗೆಯುವ ಹವ್ಯಾಸಿ. "ಸಾರ್, ಯಾವ ಹೊಸ ಕಪ್ಪು-ಬಿಳುಪು ಫಿಲ್ಮ್ ಬಂದರೆ ಚೆನ್ನ ಎಂದು ನಮ್ಮ ಗೆಳೆಯರಲ್ಲಿ ದಿನವೂ ವಾದ. ಒಬ್ಬರಿಗೆ ಹೆಚ್ಚು ವೇಗದ್ದು ಬೇಕು, ಇನ್ನೊಬ್ಬರಿಗೆ ಹಳೆಯ ಅಳತೆಯದು ಬೇಕು. ನಿಮ್ಮನ್ನು ಕೇಳಿದರೆ ಏನು ಬೇಕೆನ್ನುತ್ತೀರಿ?" ಎಂದ. ನಾನು ಕೊಟ್ಟ ಉತ್ತರಕ್ಕೆ ಅವನು ನಕ್ಕುಬಿಟ್ಟ. ಆ ಉತ್ತರದ ಹಿಂದಿನ ಕಥೆಯನ್ನು ಹೇಳಲು ಈ ಬರಹ. ಸಮಾಜ ವಿಜ್ಞಾನದ ಮೇಷ್ಟ್ರಾದ್ದರಿಂದ ಮೊದಲು ಸ್ವಲ್ಪ ಇತಿಹಾಸ ಹೇಳದೆ ನನಗೆ ಸಮಾಧಾನವಿಲ್ಲ.

ಛಾಯಾಗ್ರಾಹಕರ ಬಯಕೆಗಳು ಮುಖ್ಯವಾಗಿ ಎರಡು. ಚಿತ್ರದಲ್ಲಿ ಸೂಕ್ಷ್ಮ ವಿವರ ಕಾಣಬೇಕು. ಕಡಿಮೆ ಬೆಳಕಿನಲ್ಲೂ ಚಿತ್ರ ಮೂಡಬೇಕು. ಇವೆರಡೂ ಒಂದೆಡೆ ಸುಲಭವಾಗಿ ಕೂಡಿ ಬಾಳುವುದಿಲ್ಲ. ಫಿಲ್ಮಿನ ಮೇಲೆ ಲೇಪಿಸಿರುವುದು ಜೆಲಾಟಿನ್‌ನಲ್ಲಿ ಹರಡಿದ ಬೆಳ್ಳಿಯ ಲವಣದ ಕಣಗಳನ್ನು. ಕಣ ದೊಡ್ಡದಾದಷ್ಟೂ ಅದು ಬೇಗ ಬೆಳಕನ್ನು ಗ್ರಹಿಸುತ್ತದೆ, ಆದರೆ ಚಿತ್ರ ಒರಟಾಗುತ್ತದೆ. ಚಿರೋಟಿ ರವೆಗೂ ಉಪ್ಪಿಟ್ಟಿನ ರವೆಗೂ ಇರುವ ವ್ಯತ್ಯಾಸದಂತೆ ಎಂದುಕೊಳ್ಳಿ. 100 ಎಎಸ್‌ಎ ಫಿಲ್ಮಿಗೆ ಬೇಕಾದ ಬೆಳಕಿನ ಕಾಲುಭಾಗ 400 ಎಎಸ್‌ಎ ಫಿಲ್ಮಿಗೆ ಸಾಕು.

ಈ ಎರಡು ಬಯಕೆಗಳಿಗೂ ನಮ್ಮ ಸೀಮೆಯಲ್ಲೇ ಉದಾಹರಣೆಗಳಿವೆ. ನಮ್ಮ ಊರಿನ ಚಂದ್ರವಳ್ಳಿಯಲ್ಲಿ 1929ರ ಸುಮಾರಿಗೆ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಚಂದ್ರವಳ್ಳಿ ಮತ್ತು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗಳಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ವೀಲರರ ವರದಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ 'ಏನ್ಷಿಯಂಟ್ ಇಂಡಿಯಾ' ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಪ್ರಕಟವಾಯಿತು. ಅದರ ಕಪ್ಪು-ಬಿಳುಪು ಚಿತ್ರಗಳಲ್ಲಿ ಮಣ್ಣಿನ ಪದರಗಳೂ ಕಲ್ಲುಗೋರಿಗಳೂ ಸ್ಪಷ್ಟವಾಗಿ ಕಾಣುತ್ತವೆ. ಮಣ್ಣು ಓಡಿಹೋಗುವುದಿಲ್ಲ, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ನಿಧಾನವಾಗಿ ತೆಗೆಯಬಹುದು. ಅಲ್ಲಿ ಬೇಕಾದದ್ದು ವಿವರ.

ಪಕ್ಕದ ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು (1931–2011) ರಾಜ್ಯದ ಹಣಕಾಸು ಸಚಿವರಾಗಿದ್ದವರು; ಜೊತೆಗೆ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರು. ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಪುಸ್ತಕ 1983ರಲ್ಲಿ ಹೊರಬಂತು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರದೂ ಅದೇ ಹಾದಿ. ಕಾಡಿನ ನೆರಳಿನಲ್ಲಿ ಹುಲಿಯಾಗಲಿ ಹಕ್ಕಿಯಾಗಲಿ ನಮಗಾಗಿ ನಿಲ್ಲುವುದಿಲ್ಲ. ಅಲ್ಲಿ ವೇಗವೂ ಬೇಕು.

ಇನ್ನು ಅಳತೆಗಳ ವಿಚಾರ. ನಮ್ಮಲ್ಲಿ 'ರೋಲ್' ಎಂದು ಕರೆಯುತ್ತಿದ್ದ 120 ಅಳತೆಯ ಫಿಲ್ಮನ್ನು ಕೊಡಕ್ ಸಂಸ್ಥೆ 1901ರಲ್ಲಿ ತಂದಿತು. 1912ರಲ್ಲಿ ಜೇಬಿನ ಕ್ಯಾಮೆರಾಕ್ಕೆಂದು ಚಿಕ್ಕದಾದ 127 ಬಂತು. 1930ರ ದಶಕದ ಆರಂಭದಲ್ಲಿ ಅದೇ ಸಂಸ್ಥೆ 620 ಎಂಬುದನ್ನು ಹೊರತಂದಿತು. ಅದರ ಫಿಲ್ಮು 120ರದೇ. ಸುತ್ತುವ ಕಡ್ಡಿ ಮಾತ್ರ ಸಣ್ಣದು. ಹೀಗಾಗಿ 620ರ ಕ್ಯಾಮೆರಾ ಕೊಂಡವನು ಬೇರೆಯವರ ಫಿಲ್ಮನ್ನು ನೇರವಾಗಿ ಹಾಕುವಂತಿರಲಿಲ್ಲ. 1995ರಲ್ಲಿ ಕೊಡಕ್ 620 ಮತ್ತು 127 ಎರಡನ್ನೂ ನಿಲ್ಲಿಸಿದಾಗ ಒಳ್ಳೆಯ ಸ್ಥಿತಿಯಲ್ಲಿದ್ದ ಎಷ್ಟೋ ಕ್ಯಾಮೆರಾಗಳು ಅಟ್ಟ ಸೇರಿದವು. ಕ್ಯಾಮೆರಾ ಕೆಡಲಿಲ್ಲ, ಅದರ ಆಹಾರ ನಿಂತುಹೋಯಿತು. 120 ಮಾತ್ರ ಇಂದಿಗೂ ಬದುಕಿದೆ.

ನಮ್ಮ ದೇಶದಲ್ಲಿ ಆಯ್ಕೆಯ ಮಾತೇ ಇರಲಿಲ್ಲ. ವಿದೇಶಿ ವಿನಿಮಯದ ಕೊರತೆಯಿಂದ ಆಮದಿಗೆ ಕಟ್ಟುಪಾಡುಗಳಿದ್ದ ಕಾಲ ಅದು. ಕೇಂದ್ರ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಫ್ರಾನ್ಸಿನ ಬೋಷೆ ಸಂಸ್ಥೆಯ ತಾಂತ್ರಿಕ ನೆರವಿನೊಡನೆ, ತಂಪು ಹವೆಯ ಊಟಿಯಲ್ಲಿ ಕಾರ್ಖಾನೆ ಎದ್ದು 1967ರಲ್ಲಿ ಉತ್ಪಾದನೆ ಆರಂಭವಾಯಿತು. ಆ ಫಿಲ್ಮಿನ ಹೆಸರು 'ಇಂದು'. ಚಂದ್ರನೆಂಬ ಅರ್ಥದ ಸಂಸ್ಕೃತ ಪದ. ಆದರೆ ಕನ್ನಡಿಗರಾದ ನಮಗೆ 'ಈ ದಿನ' ಎಂದೂ ಕೇಳಿಸುತ್ತಿತ್ತು. "ಇಂದು ಬಂದಿದೆಯೇ?" ಎಂದರೆ ಅಂಗಡಿಯವರು "ಇಂದು ಇಲ್ಲ, ನಾಳೆ ಬನ್ನಿ" ಎನ್ನುತ್ತಿದ್ದರು! ಅದು ಸಿಗದಾಗ ಪೂರ್ವ ಜರ್ಮನಿಯ ಓರ್ವೋ. 1980ರ ಜನವರಿಯಲ್ಲಿ ಜಾಗತಿಕ ಪೇಟೆಯಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 50 ಡಾಲರಿನ ಹತ್ತಿರಕ್ಕೆ ಏರಿದಾಗ ಫಿಲ್ಮಿನ ಬೆಲೆಗೂ ಬಿಸಿ ತಟ್ಟಿತು. ಆಗ ನಮ್ಮಂಥವರ ಬಯಕೆ ಒಂದೇ: ಒಂದು ರೋಲು ಸಿಕ್ಕರೆ ಸಾಕು.

ಈಗ ಜೋಗಿಮಟ್ಟಿಗೆ ಬರೋಣ. ಅದು 1986ರ ಶ್ರಾವಣ. ಹತ್ತನೆಯ ತರಗತಿಯ ನಲವತ್ತೊಂದು ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತಿದೆವು. ಊರಿನಿಂದ ಹತ್ತು ಕಿಲೋಮೀಟರಿನಷ್ಟು ದೂರ, ಸುಮಾರು 3800 ಅಡಿ ಎತ್ತರ. ಈಗ ಅಲ್ಲಿ ಗಾಳಿಯಂತ್ರಗಳು ತಿರುಗುತ್ತವೆ. 2015ರಲ್ಲಿ ಆ ಕಾಡು ವನ್ಯಜೀವಿಧಾಮವೂ ಆಯಿತು. ಆಗ ಇದ್ದದ್ದು ಗಾಳಿ, ಮಂಜು ಮತ್ತು ನಾವು.

ನನ್ನ ಹೆಗಲಲ್ಲಿ ಆಗ್‌ಫಾ ಕ್ಲಿಕ್ ತ್ರೀ ಕ್ಯಾಮೆರಾ. ನಾನು ಬಿ.ಎಡ್. ಮುಗಿಸಿದಾಗ ಸೋದರಮಾವ ಕೊಟ್ಟದ್ದು, ಬರೋಡದಲ್ಲಿ ತಯಾರಾದದ್ದು. ಹಿಂಬದಿಯಲ್ಲಿ ಕೆಂಪು ಗಾಜಿನ ಪುಟ್ಟ ಕಿಂಡಿ; ಫಿಲ್ಮಿಗೆ ಅಂಟಿಕೊಂಡ ಕಾಗದದ ಮೇಲಿನ ಅಂಕಿ ಅದರಲ್ಲಿ ಕಾಣುವವರೆಗೆ ತಿರುಗಿಸಬೇಕು. ಒಂದು ರೋಲಿಗೆ ಹನ್ನೆರಡು ಚಿತ್ರ. ಅಂದು ನನ್ನಲ್ಲಿದ್ದದ್ದು ಒಂದೇ ರೋಲು. ಮೇಲೆ ಹೋದಾಗ ಮಂಜು ಕವಿದಿತ್ತು. ಬೆಳಕು ಸಾಲದೆ ಚಿತ್ರ ಕೆಟ್ಟೀತೆಂಬ ಭಯದಿಂದ ಗುಂಪಿನ ಚಿತ್ರವನ್ನೇ ನಾಲ್ಕು ಸಲ ತೆಗೆದೆ. ಉಳಿದ ಎಂಟು ಕಣಿವೆಗೂ, ಮುಂದೆ ಮುಂದೆ ಬಂದು ನಿಂತ ಮಕ್ಕಳಿಗೂ ಮುಗಿದುಹೋದವು.

ಆಗ ಒಬ್ಬ ಹುಡುಗ ಮೇಲೆ ಬಂದ. ಎಲ್ಲರಿಗೂ ಕುಡಿಯುವ ನೀರಿನ ಕ್ಯಾನು ಹೊರುವ ಕೆಲಸವನ್ನು ನಾನೇ ಅವನಿಗೆ ಒಪ್ಪಿಸಿದ್ದೆ. ಗಟ್ಟಿಮುಟ್ಟಾದ ಹುಡುಗ, ಇಲ್ಲವೆನ್ನುವ ಸ್ವಭಾವವಲ್ಲ. ಅದಕ್ಕೇ ಹಿಂದುಳಿದಿದ್ದ, ಗುಂಪಿನ ಯಾವ ಚಿತ್ರದಲ್ಲೂ ಅವನಿರಲಿಲ್ಲ. ಕ್ಯಾನು ಇಳಿಸಿ, ಒದ್ದೆ ಕೈಯಿಂದ ತಲೆ ನೇವರಿಸಿಕೊಂಡು, "ಸಾರ್, ನಂದೊಂದು" ಎಂದ. ಕಿಂಡಿಯಲ್ಲಿ ಅಂಕಿ ಇರಲಿಲ್ಲ. ರೋಲು ಮುಗಿದಿದೆ ಎನ್ನಲು ನಾಲಗೆ ಬರಲಿಲ್ಲ. "ನಿಲ್ಲಪ್ಪ" ಎಂದು ಹೇಳಿ ಬರಿದಾದ ಕ್ಯಾಮೆರಾವನ್ನೇ ಒತ್ತಿದೆ. ಟಕ್ಕೆಂದು ಸದ್ದಾಯಿತು. ಅವನ ಮುಖ ಅರಳಿತು.

ಮುಂದಿನ ವಾರಗಳಲ್ಲಿ ಅವನು ಮೂರು ಸಲ ಕೇಳಿದ. ಮೂರನೆಯ ಸಲ "ನಿನ್ನದು ಕೆಟ್ಟುಹೋಯಿತಪ್ಪ" ಎಂದೆ. "ಇರಲಿ ಸಾರ್" ಎಂದು ಹೋದ. ಆ ವರ್ಷ ಮಳೆ ಕೈಕೊಟ್ಟಿತ್ತು. ದಸರಾ ರಜೆಯ ನಂತರ ಅವನು ಶಾಲೆಗೆ ಬರಲಿಲ್ಲ. ಮನೆಯವರೆಲ್ಲ ಕೂಲಿಗಾಗಿ ಕಾಫಿ ತೋಟದ ಕಡೆ ಹೋದರೆಂದು ತಿಳಿಯಿತು. ಮತ್ತೆ ಅವನನ್ನು ನಾನು ನೋಡಿಲ್ಲ. ಡಬ್ಬದ ನೆಗೆಟಿವ್‌ಗಳಲ್ಲಿ ನಲವತ್ತು ಮುಖಗಳಿವೆ.

ಬೆಂಗಳೂರಿನ ಶಿಷ್ಯನಿಗೆ ನಾನು ಹೇಳಿದ್ದು ಇಷ್ಟೇ: "ಹದಿಮೂರು ಚಿತ್ರ ಬರುವ 120 ರೋಲು ಬೇಕಪ್ಪ." ಅವನು ನಕ್ಕು, 1965ರಲ್ಲೇ 24 ಚಿತ್ರಗಳ 220 ಅಳತೆ ಬಂದಿತ್ತಲ್ಲ ಸಾರ್ ಎಂದ. ನಿಜ. ಆದರೆ ಉದ್ದ ಹೆಚ್ಚಿಸಲು 220ರಲ್ಲಿ ಹಿಂಬದಿಯ ಕಾಗದವನ್ನೇ ತೆಗೆದಿದ್ದರು. ಕೆಂಪು ಕಿಂಡಿಯ ನನ್ನ ಕ್ಯಾಮೆರಾದಲ್ಲಿ ಅದಕ್ಕೆ ಬೆಳಕು ತಾಗಿ ಹಾಳಾಗುತ್ತದೆ. ಆ ಬಯಕೆಯೂ ಉಳ್ಳವರ ಕ್ಯಾಮೆರಾಕ್ಕೇ ಈಡೇರಿತ್ತು.

ಈಗ ಕಾಲ ವಿಚಿತ್ರವಾಗಿ ತಿರುಗಿದೆ. ಊಟಿಯ ಕಾರ್ಖಾನೆ ಎಕ್ಸ್‌ರೇ ಫಿಲ್ಮಿನ ದೊಡ್ಡ ಯೋಜನೆಗೆ ಮಾಡಿದ ಸಾಲದಲ್ಲಿ ಸಿಲುಕಿ, 1990ರ ದಶಕದಲ್ಲಿ ರೋಗಗ್ರಸ್ತ ಉದ್ಯಮವೆನಿಸಿ, ಕೊನೆಗೆ ಮುಚ್ಚಿತು. ಕೊಡಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೂ ಕಪ್ಪು-ಬಿಳುಪು ಸಾಯಲಿಲ್ಲ. ಜಪಾನಿನ ಫ್ಯೂಜಿ 2018ರಲ್ಲಿ ನಿಲ್ಲಿಸಿದ ಅಕ್ರೋಸ್ ಫಿಲ್ಮನ್ನು, ಬಳಕೆದಾರರ ಒತ್ತಾಯಕ್ಕೆ ಮಣಿದು 2019ರಲ್ಲಿ ಹೊಸ ರೂಪದಲ್ಲಿ ತಂದಿತು. ಇಂಗ್ಲೆಂಡಿನ ಇಲ್‌ಫೋರ್ಡ್ 2004ರಲ್ಲಿ ಮುಳುಗುವ ಸ್ಥಿತಿಗೆ ಬಂದು, ಹಾರ್ಮನ್ ಹೆಸರಿನಲ್ಲಿ ಚೇತರಿಸಿಕೊಂಡಿತು. ಅವರು ವರ್ಷಕ್ಕೊಮ್ಮೆ ವಿಚಿತ್ರ ಅಳತೆಗಳಿಗೆ ಬೇಡಿಕೆ ಪಡೆದು, ಅಷ್ಟನ್ನೇ ಕತ್ತರಿಸಿ ಕೊಡುತ್ತಾರೆ. ಅದೇ ಸಂಸ್ಥೆ 2025ರಲ್ಲಿ ಕೆಂಟ್‌ಮಿಯರ್ 200 ಎಂಬ ಹೊಸ ಫಿಲ್ಮನ್ನು 120 ಅಳತೆಯಲ್ಲೂ ತಂದಿದೆ. ಬಯಸುವವರು ಒಟ್ಟುಗೂಡಿ ಕೊಂಡರೆ ಕಾರ್ಖಾನೆಗಳು ಕಿವಿಗೊಡುತ್ತವೆ ಎಂಬುದಕ್ಕೆ ಇವು ಸಾಕ್ಷಿ.

ಆದರೆ ಡಬ್ಬ ಮುಚ್ಚುವಾಗ ನನಗೆ ಬೇರೆಯೇ ಹೊಳೆಯಿತು. ಅಂದು ಇಪ್ಪತ್ತನಾಲ್ಕು ಚಿತ್ರದ ರೋಲು ಇದ್ದಿದ್ದರೆ ಗುಂಪಿನ ಚಿತ್ರವನ್ನು ಎಂಟು ಸಲ ತೆಗೆಯುತ್ತಿದ್ದೆನೇನೋ. ನಾಲ್ಕರಲ್ಲಿ ಒಂದನ್ನು ಉಳಿಸಿದ್ದರೆ ಆ ಹುಡುಗನಿಗೆ ಸಾಕಾಗಿತ್ತು. ಕೊರತೆ ಕಾರ್ಖಾನೆಯದು, ಸುಳ್ಳು ನನ್ನದು. ಅಂದಿನಿಂದ ಯಾವ ಪ್ರವಾಸದಲ್ಲೂ ಕೊನೆಯ ಒಂದು ಚಿತ್ರವನ್ನು ಕೆಳಗಿಳಿದು ತಲೆ ಎಣಿಸುವವರೆಗೆ ಉಳಿಸಿಕೊಳ್ಳುತ್ತಿದ್ದೆ. "ಒಂದು ಉಳಿದಿದೆ, ತೆಗೀರಿ ಸಾರ್" ಎಂದು ನೀವು ಪೀಡಿಸುತ್ತಿದ್ದದ್ದು ನೆನಪಿರಬಹುದು. ಕಾರಣ ಈಗ ಹೇಳಿದ್ದೇನೆ.

ಕೊನೆಗೊಂದು ಮಾತು. ಮನೆಯಲ್ಲಿ ಹಳೆಯ ನೆಗೆಟಿವ್‌ಗಳಿದ್ದರೆ ಎಸೆಯಬೇಡಿ. ಅಂಚು ಹಿಡಿದು ತೆಗೆಯಿರಿ. ಪ್ಲಾಸ್ಟಿಕ್ಕಿನಲ್ಲಿ ಉಸಿರುಗಟ್ಟಿಸದೆ ಕಾಗದದ ಲಕೋಟೆಯಲ್ಲಿ ತೇವವಿಲ್ಲದ ಕಡೆ ಇಡಿ. ಹುಳಿವಾಸನೆ ಬರುವುದನ್ನು ಬೇರೆ ಇಡಿ, ಪಕ್ಕದ್ದನ್ನೂ ಕೆಡಿಸುತ್ತದೆ. 1986ರ ತಂಡದವರು ಯಾರಾದರೂ ಅಂದು ಬೇರೆ ಕ್ಯಾಮೆರಾ ತಂದಿದ್ದರೆ, ಅದರಲ್ಲಿ ನೀರಿನ ಕ್ಯಾನು ಹೊತ್ತ ಹುಡುಗ ಎಲ್ಲಾದರೂ ಒಂದು ಮೂಲೆಯಲ್ಲಿ ಸಿಕ್ಕರೆ, ದಯವಿಟ್ಟು ನನಗೆ ತಿಳಿಸಿ.