ಮೇಹೆಮ್: ಸಂಗೀತ, ಸಾವು ಮತ್ತು ಬೆಂಕಿ
ನಾರ್ವೆ, 1984ರಿಂದ

ಓಸ್ಲೋ ಸಮೀಪದ ಲಾಂಗ್‌ಹುಸ್‌ನಲ್ಲಿ ಮೂವರು ಹದಿಹರೆಯದ ಹುಡುಗರು ಕಟ್ಟಿದ ಬ್ಲ್ಯಾಕ್ ಮೆಟಲ್ ಸಂಗೀತ ತಂಡ ಮೇಹೆಮ್. ಗಿಟಾರ್ ವಾದಕ ಓಯ್‌ಸ್ಟೈನ್ ಓರ್‌ಸೆತ್ ‘ಯೂರೊನಿಮಸ್’ ಎಂದೇ ಪರಿಚಿತ. 1987ರ ಕಿರು ಆಲ್ಬಂ ‘ಡೆತ್‌ಕ್ರಷ್’ ಮೊದಲು ಬಂದದ್ದು ಬರೀ 1,000 ಪ್ರತಿಗಳಲ್ಲಿ. 1988ರಲ್ಲಿ ಸೇರಿದ ಸ್ವೀಡನ್ನಿನ ಗಾಯಕ ‘ಡೆಡ್’ ಹೆಣದಂತೆ ಕಾಣಲು ಮುಖಕ್ಕೆ ಕಪ್ಪು-ಬಿಳುಪು ಬಣ್ಣ ಬಳಿದುಕೊಳ್ಳುತ್ತಿದ್ದರು; ಮಣ್ಣಲ್ಲಿ ಹೂತಿಟ್ಟ ಬಟ್ಟೆಯನ್ನು ಅಗೆದು ತೆಗೆದು ತೊಟ್ಟು ವೇದಿಕೆ ಏರುತ್ತಿದ್ದರು. 1991ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.

ಅಂಗಡಿ ಮತ್ತು ಅಪರಾಧ
ಅದೇ ವರ್ಷ ಯೂರೊನಿಮಸ್ ಓಸ್ಲೋದಲ್ಲಿ ‘ಹೆಲ್ವೆಟೆ’ ಎಂಬ ರೆಕಾರ್ಡ್ ಅಂಗಡಿ ತೆರೆದರು. ಅದರ ನೆಲಮಾಳಿಗೆ ಬ್ಲ್ಯಾಕ್ ಮೆಟಲ್ ಬಳಗದ ಅಡ್ಡೆಯಾಯಿತು. 1992ರಿಂದ ನಾರ್ವೆಯ ಹಲವು ಚರ್ಚ್‌ಗಳಿಗೆ ಬೆಂಕಿ ಬಿತ್ತು. ಈ ದಹನಗಳಿಗಾಗಿ ಬಳಗದ ಕೆಲವರಿಗೆ ಶಿಕ್ಷೆಯಾಯಿತು. 1993ರ ಆಗಸ್ಟ್ 10ರಂದು ಯೂರೊನಿಮಸ್ ಅವರನ್ನು ಇರಿದು ಕೊಂದವರು ತಂಡಕ್ಕೆ ಬಾಸ್ ನುಡಿಸಿದ್ದ ವಾರ್ಗ್ ವಿಕರ್ನೆಸ್. ಕೊಲೆ ಮತ್ತು ಚರ್ಚ್ ದಹನಗಳಿಗಾಗಿ ಅವರಿಗೆ 21 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಒಂದೇ ಆಲ್ಬಂನಲ್ಲಿ ಇಬ್ಬರೂ
ಬರ್ಗೆನ್‌ನ ಗ್ರೀಗ್‌ಹಾಲೆನ್‌ನಲ್ಲಿ ಧ್ವನಿಮುದ್ರಿಸಿದ ತಂಡದ ಆಲ್ಬಂ ‘ಡೆ ಮಿಸ್ಟೀರಿಯಿಸ್ ಡೋಮ್ ಸಥಾನಸ್’ 1994ರಲ್ಲಿ ಹೊರಬಂತು. ವಿಕರ್ನೆಸ್ ನುಡಿಸಿದ ಭಾಗವನ್ನು ತೆಗೆದುಹಾಕುವಂತೆ ಯೂರೊನಿಮಸ್ ಹೆತ್ತವರು ಕೋರಿದ್ದರೂ ಡ್ರಮ್ಮರ್ ಹೆಲ್‌ಹ್ಯಾಮರ್ ಅದನ್ನು ಉಳಿಸಿಕೊಂಡರು. ಹಾಗಾಗಿ ಕೊಲೆಯಾದವರ ಗಿಟಾರ್, ಕೊಂದವರ ಬಾಸ್ ಎರಡೂ ಇದರಲ್ಲಿ ಒಟ್ಟಿಗೆ ಕೇಳಿಸುತ್ತವೆ. ಹೆಲ್‌ಹ್ಯಾಮರ್ ಮುಂದೆ ತಂಡವನ್ನು ಮತ್ತೆ ಕಟ್ಟಿದರು. 2019ರಲ್ಲಿ ‘ಡೇಮನ್’ ಆಲ್ಬಂ ಬಂತು.