ಘಟ್ಟದ ಕಾಡು ಯಾರ ಖಾತೆಗೆ? (ನಮ್ಮೂರ ಚರಿತ್ರೆ, ಭಾಗ 6)

ಬಿಕಾಂ ಮುಗಿಸಿ ಎಂಎಗೆ ಪರಿಸರ ಅರ್ಥಶಾಸ್ತ್ರ ತಗೊಳ್ತೇನೆ ಅಂದ್ರೆ ಮೂಡಬಿದ್ರೆಯಲ್ಲಿ ಎಲ್ಲರೂ ಕೇಳುವುದು ಒಂದೇ: "ಅದೆಂತ ಹೊಸ ಸಬ್ಜೆಕ್ಟ್ ಮಾರಾಯ?"

ಹೊಸತಲ್ಲ. ಕಾಡು ಕಡಿದರೆ ಹವೆಗೆ, ನೀರಿಗೆ, ಆದಾಯಕ್ಕೆ ಎಷ್ಟು ನಷ್ಟ ಎಂಬ ಪ್ರಶ್ನೆ 1851ರಲ್ಲೇ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನಿಗಳ ಸಂಘದ ಮುಂದೆ ಬಂದಿತ್ತು. ವರದಿಯ ಹೆಸರಲ್ಲೇ 'ಆರ್ಥಿಕ' ಎಂಬ ಪದ ಉಂಟು. ಅದನ್ನು ಬರೆದವರಲ್ಲಿ ಒಬ್ಬ ಹ್ಯೂ ಕ್ಲೆಗಾರ್ನ್. ಮದ್ರಾಸಲ್ಲಿ ಹುಟ್ಟಿ, ಶಿವಮೊಗ್ಗದಲ್ಲಿ ಡಾಕ್ಟರಾಗಿದ್ದವ. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾದ. ಆಗ ನಮ್ಮ ಬಂಟ್ವಾಳ, ಬೆಳ್ತಂಗಡಿ ಎಲ್ಲ ಅದೇ ಪ್ರಾಂತ್ಯ.

ಕಾಡು ಹಾಳಾದ ತಪ್ಪು ಹೆಚ್ಚಾಗಿ ಯಾರ ಮೇಲೆ ಬಿತ್ತು? ಕುಮರಿ ಮಾಡುವವರ ಮೇಲೆ. ಗುಡ್ಡ ಸವರಿ, ಸುಟ್ಟು, ಬೂದಿಯಲ್ಲಿ ಬಿತ್ತಿ, ಒಂದೆರಡು ಬೆಳೆ ತೆಗೆದು ಬೇರೆ ಕಡೆ ಹೋಗುವ ಬೇಸಾಯ ಅದು. ಘಟ್ಟದ ಬುಡದ ಮಲೆಕುಡಿಯರಂಥವರ ಹೊಟ್ಟೆಪಾಡು. 1860ರಲ್ಲಿ ಸರ್ಕಾರಿ ಕಾಡಲ್ಲಿ ಅನುಮತಿ ಇಲ್ಲದೆ ಕುಮರಿ ಮಾಡಬಾರದು ಅಂತ ಆಯ್ತು.

ಅದೇ ಕಾಲಕ್ಕೆ ಘಟ್ಟದ ಮೇಲೆ ಕಾಡು ತೆಗೆದು ಕಾಫಿ ತೋಟ ಎಬ್ಬಿಸ್ತಾ ಇದ್ದರು. ಆ ಕಾಫಿ ಘಟ್ಟ ಇಳಿದು ಬಂಟ್ವಾಳಕ್ಕೆ ಬಂದು, ದೋಣಿ ಹತ್ತಿ ನೇತ್ರಾವತಿಯಲ್ಲಿ ಮಂಗಳೂರಿಗೆ ಹೋಗ್ತಿತ್ತು. ಬಂಟ್ವಾಳ ಪೇಟೆ ಬೆಳೆದದ್ದೇ ಇಂಥ ಸರಕಿನಿಂದ. ರೈಲ್ವೆ ಸ್ಲೀಪರಿಗೂ ಮರ ಬೇಕಿತ್ತು. (ಕ್ಲೆಗಾರ್ನ್‌ಗೂ ಅದರ ಚಿಂತೆ ಇತ್ತು, ಅವನನ್ನು ಪೂರ್ತಿ ಬೈಯುವಂತಿಲ್ಲ.) ಕಾಫಿಗೆ ನಿಷೇಧ ಬರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಿದ್ರೆ ಲಾಭ ಒಬ್ಬರ ಖಾತೆಗೆ ಜಮೆ, ಖರ್ಚು ಇನ್ನೊಬ್ಬರ ಖಾತೆಗೆ. ಹೀಗೆ ವ್ಯವಹಾರದ ಹೊರಗೆ ಬೀಳುವ ಖರ್ಚನ್ನು ಲೆಕ್ಕಕ್ಕೆ ತರಬೇಕು ಅಂತ ಪಿಗೂ ಎಂಬ ಅರ್ಥಶಾಸ್ತ್ರಜ್ಞ 1920ರಲ್ಲಿ ಪುಸ್ತಕವನ್ನೇ ಬರೆದ. ಎಂಎಯಲ್ಲಿ ಈಗಲೂ ಅಲ್ಲಿಂದಲೇ ಶುರು.

ಈಗ 2019ರ ಆಗಸ್ಟ್ ನೆನಪು ಮಾಡಿ. ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿದು, ಮೃತ್ಯುಂಜಯ ಹೊಳೆ ಉಕ್ಕಿ ಅಡಿಕೆ ತೋಟಗಳಲ್ಲಿ ಮರಳು, ಮರದ ದಿಮ್ಮಿ ತುಂಬಿತು. ಬಂಟ್ವಾಳದಲ್ಲೂ ನೆರೆ. ಇದಕ್ಕೆ ಒಂದೇ ಕಾರಣ ಅಂತ ಹೇಳಲಿಕ್ಕಾಗದು. ಆದರೆ ಪರಿಹಾರದ ಲೆಕ್ಕ ಮಾಡಬಹುದು. ಕೇಂದ್ರದ ಮಾನದಂಡದಲ್ಲಿ ಆಗ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 18,000 ರೂಪಾಯಿ. ರಾಜ್ಯ ಸರ್ಕಾರ ಮೇಲೆ 10,000 ಸೇರಿಸಿತು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಅಡಿಕೆ ಮರ. ಭಾಗಿಸಿ ನೋಡಿ: ಮರಕ್ಕೆ 20 ರೂಪಾಯಿ ಚಿಲ್ಲರೆ. ಹೊಸ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು, ಆ ವರ್ಷಗಳ ಆದಾಯ ಈ 20 ರೂಪಾಯಿಯಲ್ಲಿ ಇಲ್ಲ.

ಎಂಎಯಲ್ಲಿ ನನಗೆ ಕಲಿಯಲಿಕ್ಕಿರುವುದು ಈ ಲೆಕ್ಕವೇ. ಮುಂದಿನ ಭಾಗ: ಕುಮ್ಕಿ ಜಾಗದ ಸೊಪ್ಪಿನ ಹಕ್ಕು.