ಚಿಲಿಕಾ ಸರೋವರದ ಜೀರ್ಣೋದ್ಧಾರ

ಕೆರೆಯನ್ನು ಕಟ್ಟಿಸುವುದು ಎಷ್ಟು ದೊಡ್ಡ ಪುಣ್ಯವೋ, ಕೆಟ್ಟ ಕೆರೆಯ ಜೀರ್ಣೋದ್ಧಾರ ಮಾಡಿಸುವುದೂ ಅಷ್ಟೇ ದೊಡ್ಡ ಪುಣ್ಯವೆಂದು ನಮ್ಮ ಹಿರಿಯರು ನಂಬಿದ್ದರು. ಏರಿ ಬಿರಿದರೆ ಮಣ್ಣು ಹಾಕಿಸಬೇಕು; ಹೂಳು ತುಂಬಿದರೆ ತೆಗೆಸಬೇಕು; ತೂಬು ಸವೆದರೆ ಬೇರೆ ಇಡಿಸಬೇಕು. ಮನುಷ್ಯನು ಕಟ್ಟಿದ್ದನ್ನು ಮನುಷ್ಯನೇ ದುರಸ್ತಿ ಮಾಡುವ ಕ್ರಮವಿದು. ಆದರೆ ಏರಿಯಾಗಲಿ ತೂಬಾಗಲಿ ಇಲ್ಲದ, ಪ್ರಕೃತಿಯೇ ನಿರ್ಮಿಸಿದ ಸರೋವರವೊಂದು ಕೆಟ್ಟರೆ ಏನು ಮಾಡಬೇಕು? ಅದು ಕೆಟ್ಟಿದೆಯೆಂದು ಗೊತ್ತಾಗುವುದು ಹೇಗೆ? ಎಲ್ಲಿ ಕೈಹಚ್ಚಬೇಕು? ನೆಟ್ಟಗಾಯಿತೆಂದು ಯಾವಾಗ ಹೇಳಬಹುದು? ಒಡಿಶಾ ಕರಾವಳಿಯ ಚಿಲಿಕಾ ಸರೋವರದ ನೂರು ವರ್ಷಗಳ ಚರಿತ್ರೆಯಲ್ಲಿ ಈ ಮೂರು ಪ್ರಶ್ನೆಗಳಿಗೂ ಉತ್ತರವುಂಟು.

ಚಿಲಿಕಾ ಸಾಮಾನ್ಯ ಸರೋವರವಲ್ಲ. ಮಳೆಗಾಲದಲ್ಲಿ ಅದರ ವಿಸ್ತಾರ 1,100 ಚದರ ಕಿಲೋಮೀಟರಿಗೂ ಮಿಕ್ಕುತ್ತದೆ. ಬೇಸಿಗೆಯಲ್ಲಿ ಸುಮಾರು 900ಕ್ಕೆ ಇಳಿಯುತ್ತದೆ. ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಮೊದಲಾದ ಹೊಳೆಗಳೂ ಪಶ್ಚಿಮದ ಗುಡ್ಡಗಳಿಂದ ಇಳಿಯುವ ಹತ್ತಾರು ಹಳ್ಳಗಳೂ ಅದಕ್ಕೆ ಸಿಹಿನೀರನ್ನು ತರುತ್ತವೆ. ಪೂರ್ವಕ್ಕೆ ಉದ್ದನೆಯ ಮರಳ ದಿಬ್ಬವೊಂದು ಅದನ್ನು ಬಂಗಾಳ ಕೊಲ್ಲಿಯಿಂದ ಬೇರ್ಪಡಿಸಿದೆ. ಆ ದಿಬ್ಬದಲ್ಲಿ ಕಡಲಿಗೆ ತೆರೆದ ಬಾಯಿಯುಂಟು. ನಮ್ಮ ಕರಾವಳಿಯವರು ಇಂಥದನ್ನು ಅಳಿವೆ ಎನ್ನುತ್ತಾರೆ. ಉಬ್ಬರದಲ್ಲಿ ಉಪ್ಪುನೀರು ಒಳಕ್ಕೆ ಬರುತ್ತದೆ, ಇಳಿತದಲ್ಲಿ ಸರೋವರದ ನೀರು ಹೊರಕ್ಕೆ ಹೋಗುತ್ತದೆ. ಪೂರ್ತಿ ಸಿಹಿಯೂ ಅಲ್ಲದ, ಪೂರ್ತಿ ಉಪ್ಪೂ ಅಲ್ಲದ ಈ ಬೆರಕೆ ನೀರೇ ಚಿಲಿಕೆಯ ಜೀವ. ಅಲ್ಲಿನ ಸೀಗಡಿಗಳಲ್ಲಿ ಮುಖ್ಯವಾದವು ಕಡಲಿನಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ಅಳಿವೆಯ ಮೂಲಕ ಸರೋವರವನ್ನು ಹೊಕ್ಕು, ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ಹಲವು ಜಾತಿಯ ಮೀನುಗಳ ಬಾಳೂ ಹೀಗೆಯೇ. ಚಳಿಗಾಲದಲ್ಲಿ ಉತ್ತರ ದೇಶಗಳಿಂದ ಲಕ್ಷಗಟ್ಟಲೆ ಹಕ್ಕಿಗಳು ಬಂದಿಳಿಯುತ್ತವೆ. ಅಪರೂಪದ ಇರಾವತಿ ಡಾಲ್ಫಿನ್‌ಗೂ ಇದು ಮನೆ. ಸುತ್ತಲಿನ ಹಳ್ಳಿಗಳಲ್ಲಿ ಲಕ್ಷಕ್ಕೂ ಮಿಕ್ಕ ಜನ ಇದರ ಮೀನನ್ನು ನಂಬಿ ಬದುಕುತ್ತಾರೆ.

ಈ ಸರೋವರದ ಜೀವಿಗಳನ್ನು ಮೊದಲು ಶಾಸ್ತ್ರೀಯವಾಗಿ ಪರಿಶೀಲಿಸಿ ಬರೆದಿಟ್ಟವರು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದ್ದ ನೆಲ್ಸನ್ ಆನಂಡೇಲ್ ಮತ್ತು ಸ್ಟಾನ್ಲಿ ಕೆಂಪ್. ಅವರ ಬರಹಗಳು 1915ರಿಂದ ಮೊದಲುಗೊಂಡು ಆ ಮ್ಯೂಸಿಯಮ್ಮಿನ ಸಂಪುಟಗಳಲ್ಲಿ ಪ್ರಕಟವಾದವು. ಮೀನು, ಏಡಿ, ಕಪ್ಪೆಚಿಪ್ಪು, ಹುಳು, ಒಂದನ್ನೂ ಅವರು ಅಲಕ್ಷಿಸಲಿಲ್ಲ. ಸರೋವರದೊಳಗಿನ ಬರಕುಡ ದ್ವೀಪದಲ್ಲಿ ಸಿಕ್ಕಿದ, ಕಾಲುಗಳಿಲ್ಲದ ಹಲ್ಲಿಯ ಜಾತಿಯೊಂದನ್ನು 1917ರಲ್ಲಿ ಆನಂಡೇಲರು ಲೋಕಕ್ಕೆ ಪರಿಚಯಿಸಿದರು. ಅಷ್ಟರಲ್ಲಿ, ಅಂದರೆ 1916ರಲ್ಲಿ, ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ ಸ್ಥಾಪನೆಯಾಗಿ ಅವರೇ ಅದರ ಮೊದಲ ನಿರ್ದೇಶಕರಾಗಿದ್ದರು. ಸರೋವರಕ್ಕೆ ರೋಗ ಬರಬಹುದೆಂದಾಗಲಿ, ಚಿಕಿತ್ಸೆ ಬೇಕಾದೀತೆಂದಾಗಲಿ ಎಣಿಸಿ ಅವರು ಈ ಕೆಲಸ ಮಾಡಿದವರಲ್ಲ. ಇದ್ದುದನ್ನು ಇದ್ದ ಹಾಗೆ ಬರೆದಿಟ್ಟರು, ಅಷ್ಟೆ. 1980ರ ದಶಕದಲ್ಲಿ ಅದೇ ಸಂಸ್ಥೆಯವರು ಸರೋವರವನ್ನು ಮತ್ತೊಮ್ಮೆ ಪರಿಶೀಲಿಸಿದಾಗ ಹೋಲಿಸಿ ನೋಡಲು ಹಳೆಯ ಲೆಕ್ಕವೊಂದು ಕೈಯಲ್ಲಿತ್ತು. ಆರೋಗ್ಯವಾಗಿದ್ದಾಗಿನ ನಾಡಿಯನ್ನು ಬಲ್ಲ ವೈದ್ಯನಿಗೆ ಕಾಯಿಲೆಯ ನಾಡಿ ಬೇಗ ತಿಳಿಯುತ್ತದೆಯಷ್ಟೆ.

ಕಾಯಿಲೆ ನಿಧಾನವಾಗಿ ಬಂದದ್ದು. ಹೊಳೆಗಳು ತಂದ ಹೂಳು ಸರೋವರದ ತಳದಲ್ಲಿ ಕೂಡುತ್ತ ಬಂತು. ಇತ್ತ ಕಡಲಿನ ಪ್ರವಾಹ ದಡದುದ್ದಕ್ಕೂ ಮರಳನ್ನು ಈಶಾನ್ಯಕ್ಕೆ ಸಾಗಿಸುತ್ತ, ಅಳಿವೆಯನ್ನೂ ಅದೇ ದಿಕ್ಕಿಗೆ ತಳ್ಳುತ್ತಿತ್ತು. ಕಡಲಿನ ಬಾಯಿಗೂ ಸರೋವರದ ಒಡಲಿಗೂ ನಡುವಣ ಕಾಲುವೆ ಉದ್ದವಾಗುತ್ತ, ಹೂತುಹೋಗುತ್ತ, ಉಬ್ಬರದ ನೀರು ಒಳಗೆ ಮುಟ್ಟದಂತಾಯಿತು. ಉಪ್ಪು ಕಡಮೆಯಾದಂತೆ ಸಿಹಿನೀರಿನ ಜೊಂಡೂ ಕಳೆಯೂ ಹಬ್ಬಿದವು. 2000ದ ಹೊತ್ತಿಗೆ ಅವು 500 ಚದರ ಕಿಲೋಮೀಟರಿಗೂ ಹೆಚ್ಚು ಜಾಗವನ್ನು ಆವರಿಸಿದ್ದವು. ಮೀನಿನ ಮರಿಗಳಿಗೆ ದಾರಿ ಕಟ್ಟಿತು. 1980ರ ದಶಕದ ನಡುವೆ ವರ್ಷಕ್ಕೆ 8,000 ಟನ್ನಿನ ಆಸುಪಾಸಿನಲ್ಲಿದ್ದ ಮೀನಿನ ಹುಟ್ಟುವಳಿ 1999-2000ದಲ್ಲಿ 1,750 ಟನ್ನಿನಷ್ಟಕ್ಕೆ ಕುಸಿಯಿತು. 1981ರಲ್ಲಿ ರಾಮ್ಸಾರ್ ಒಪ್ಪಂದದ ಪ್ರಕಾರ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ್ದ ಚಿಲಿಕಾ, 1993ರಲ್ಲಿ ಅಪಾಯದಲ್ಲಿರುವ ಜೌಗುಪ್ರದೇಶಗಳನ್ನು ದಾಖಲಿಸುವ ಮಾಂತ್ರೋ ಪಟ್ಟಿಗೂ ಸೇರಬೇಕಾಯಿತು.

ಮೀನು ಕಡಮೆಯಾದಲ್ಲಿ ಜಗಳ ಹೆಚ್ಚುತ್ತದೆ. ಸೀಗಡಿಗೆ ಪರದೇಶಗಳಲ್ಲಿ ಬೆಲೆ ಬಂದಾಗ ಹಣವಂತರು ಸರೋವರದಲ್ಲಿ ಬಲೆಯ ಬೇಲಿ ಹಾಕಿ ಸೀಗಡಿ ಸಾಕತೊಡಗಿದ್ದರು. ಈ ಬೇಲಿಗೆ ಅಲ್ಲಿ ಘೇರಿ ಎಂದು ಹೆಸರು. ತಲೆಮಾರುಗಳಿಂದ ಮೀನು ಹಿಡಿಯುತ್ತಿದ್ದ ಬೆಸ್ತರಿಗೆ ತಮ್ಮ ನೀರಿನಲ್ಲೇ ದೋಣಿ ನಡೆಸಲು ಎಡೆಯಿಲ್ಲದಾಯಿತು. ಚಿಲಿಕೆಯ ಸುತ್ತ 1,000 ಮೀಟರುಗಳೊಳಗೆ ಸೀಗಡಿ ಸಾಕಣೆಯ ಉದ್ಯಮ ಕೂಡದೆಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದರೂ ವಿವಾದ ತಣಿಯಲಿಲ್ಲ. 1999ರ ಮೇ ತಿಂಗಳಲ್ಲಿ ಸೊರಣ ಗ್ರಾಮದಲ್ಲಿ ಪೊಲೀಸರ ಗುಂಡಿಗೆ ನಾಲ್ವರು ಬಲಿಯಾದರು. ನೀರಿನ ಉಪ್ಪಿನ ಮಾತು ಕೇವಲ ಪ್ರಯೋಗಶಾಲೆಯ ಮಾತಲ್ಲವೆಂಬುದಕ್ಕೆ ಇದಕ್ಕಿಂತ ದುಃಖಕರವಾದ ಸಾಕ್ಷಿ ಬೇಕಿಲ್ಲ.

ಸರೋವರದ ರಕ್ಷಣೆಗಾಗಿ ಒಡಿಶಾ ಸರ್ಕಾರ 1991ರಲ್ಲಿಯೇ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರವನ್ನು ರಚಿಸಿತ್ತು. ಹೊಸ ಅಳಿವೆ ಬೇಕೆಂಬುದು ಸ್ಪಷ್ಟವಾಗಿದ್ದರೂ ಎಲ್ಲಿ ಬೇಕೆಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ. ತಪ್ಪು ಜಾಗದಲ್ಲಿ ಕಡಿದರೆ ಒಂದೇ ಮಳೆಗಾಲದಲ್ಲಿ ಮರಳು ಮುಚ್ಚೀತು; ಇಲ್ಲವೆ ಉಪ್ಪು ಮಿತಿಮೀರಿ ಸಿಹಿನೀರಿನ ಜೀವಿಗಳಿಗೆ ಕೇಡಾದೀತು. ಪುಣೆಯ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದವರು ಅಲೆ, ಉಬ್ಬರ, ಮರಳುಗಳ ಲೆಕ್ಕ ಹಾಕಿ ಜಾಗವನ್ನು ಸೂಚಿಸಿದರು. 2000ದ ಸೆಪ್ಟೆಂಬರ್ 23ರಂದು ಮರಳ ದಿಬ್ಬವನ್ನು ಕಡಿದು ಹೊಸ ಅಳಿವೆಯನ್ನು ತೆರೆಯಲಾಯಿತು. ಕಡಲಿನ ದಾರಿ ಸುಮಾರು 18 ಕಿಲೋಮೀಟರಿನಷ್ಟು ಹತ್ತಿರವಾಯಿತು.

ಫಲ ಬೇಗನೆ ಕಂಡಿತು. ಮರುವರ್ಷಕ್ಕೆ ಕಳೆಯ ಹರವು 350 ಚದರ ಕಿಲೋಮೀಟರಿನ ಆಸುಪಾಸಿಗೆ ಇಳಿಯಿತು. 2001-02ರಲ್ಲಿ ಮೀನಿನ ಹುಟ್ಟುವಳಿ 11,000 ಟನ್ನನ್ನು ಮೀರಿತು. 2002ರ ನವೆಂಬರಿನಲ್ಲಿ ಚಿಲಿಕೆಯ ಹೆಸರನ್ನು ಮಾಂತ್ರೋ ಪಟ್ಟಿಯಿಂದ ತೆಗೆಯಲಾಯಿತು. ಏಷ್ಯಾ ಖಂಡದಲ್ಲಿ ಹಾಗೆ ಹೊರಬಂದ ಜೌಗುಪ್ರದೇಶಗಳಲ್ಲಿ ಅದೇ ಮೊದಲನೆಯದು. ಅದೇ ವರ್ಷ ರಾಮ್ಸಾರ್ ಪ್ರಶಸ್ತಿಯೂ ಒಡಿಶಾಕ್ಕೆ ಬಂತು.

ಕಥೆ ಇಲ್ಲಿಗೇ ಮುಗಿದಿದ್ದರೆ ಹೇಳುವುದಕ್ಕೂ ಕೇಳುವುದಕ್ಕೂ ಹಿತವಾಗಿರುತ್ತಿತ್ತು. ಆದರೆ ಕಡಲು ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. ಮನುಷ್ಯನು ತೆರೆದ ಅಳಿವೆಯೂ ಹಳೆಯದರಂತೆಯೇ ಸರಿಯತೊಡಗಿತು. 2008ರಲ್ಲಿ ಕಡಲು ತಾನೇ ಇನ್ನೊಂದು ಬಾಯನ್ನು ತೆರೆಯಿತು. 2013ರಲ್ಲಿ ಫೈಲಿನ್, 2019ರಲ್ಲಿ ಫಾನಿ ಚಂಡಮಾರುತಗಳು ಮರಳ ದಿಬ್ಬವನ್ನು ಮತ್ತೆ ಕಲಕಿದವು. ಬಲೆಯ ಘೇರಿಗಳನ್ನು ಕಿತ್ತಷ್ಟೂ ಮತ್ತೆ ಎದ್ದವು. 2016-17ರಲ್ಲಿ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಅವನ್ನು ತೆಗೆಸಬೇಕಾಯಿತು. ನೀರನ್ನು ಸರಿಪಡಿಸಿದೊಡನೆ ನೀರಿನ ಹಂಚಿಕೆಯೂ ಸರಿಹೋಗುವುದಿಲ್ಲ.

ಆದುದರಿಂದಲೇ ಪರಿಸರ ವಿಜ್ಞಾನಿಯ ಕೆಲಸ ಅಳಿವೆ ತೆರೆದ ದಿನ ಮುಗಿಯಲಿಲ್ಲ. ಒಂದು ಲೆಕ್ಕದಲ್ಲಿ ಅಂದೇ ಆರಂಭವಾಯಿತು. ದೋಣಿಯಲ್ಲಿ ಕುಳಿತು ಗೊತ್ತಾದ ಜಾಗಗಳಿಗೆ ಮತ್ತೆ ಮತ್ತೆ ಹೋಗುವುದು; ನೀರಿನ ಉಪ್ಪನ್ನೂ ಅದರಲ್ಲಿ ಕರಗಿದ ಆಮ್ಲಜನಕವನ್ನೂ ಅಳೆಯುವುದು; ಬಿಳಿ ಕಪ್ಪು ಬಣ್ಣದ ಬಿಲ್ಲೆಯೊಂದನ್ನು ಹಗ್ಗದಲ್ಲಿ ಇಳಿಬಿಟ್ಟು ಎಷ್ಟು ಆಳದಲ್ಲಿ ಕಣ್ಮರೆಯಾಯಿತೆಂದು ಬರೆದುಕೊಳ್ಳುವುದು; ಜನವರಿಯಲ್ಲಿ ಹಕ್ಕಿಗಳನ್ನು ಎಣಿಸುವುದು, ಡಾಲ್ಫಿನ್‌ಗಳನ್ನು ಎಣಿಸುವುದು; ಮೀನು ಇಳಿಸುವ ಕಟ್ಟೆಗಳಲ್ಲಿ ಬುಟ್ಟಿಗಳ ತೂಕ ಬರೆಯುವುದು. ಇದರ ಜೊತೆಗೆ ಹೂಳು ಹುಟ್ಟುವ ಗುಡ್ಡಗಳಿಗೂ ಹಳ್ಳಗಳಿಗೂ ಹೋಗಿ, ಮಣ್ಣು ಕೊಚ್ಚಿಹೋಗದಂತೆ ತಡೆಯಲು ಹಳ್ಳಿಯವರೊಡನೆ ದುಡಿಯಬೇಕು. ಇದರಲ್ಲಿ ಯಾವುದೂ ಪತ್ರಿಕೆಯ ಮೊದಲ ಪುಟಕ್ಕೆ ಬರುವ ಕೆಲಸವಲ್ಲ. ಇದಿಲ್ಲದಿದ್ದರೆ ಮಾತ್ರ ಸರೋವರ ಕೆಡುತ್ತಿರುವುದು ಬೆಸ್ತನ ಬುಟ್ಟಿ ಬರಿದಾದ ಮೇಲೆಯೇ ತಿಳಿಯುತ್ತದೆ.

ಮೊದಲು ಕೇಳಿದ ಪ್ರಶ್ನೆಗಳಿಗೆ ಚಿಲಿಕಾ ಕೊಡುವ ಉತ್ತರ ಇಷ್ಟೆ. ಕೆಟ್ಟಿದೆಯೆಂದು ತಿಳಿಸುವುದು ಹಳೆಯ ಲೆಕ್ಕ. ಎಲ್ಲಿ ಕೈಹಚ್ಚಬೇಕೆಂದು ತೋರಿಸುವುದು ನೀರಿನ ನಡೆಯನ್ನು ತಾಳ್ಮೆಯಿಂದ ಅರಿತ ಬುದ್ಧಿ. ಪೂರ್ತಿ ನೆಟ್ಟಗಾಯಿತೆಂದು ಹೇಳಿ ಎದ್ದು ಹೋಗುವ ದಿನವಂತೂ ಬರುವುದೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಕೆರೆ ಕಟ್ಟಿದವರು ಕಟ್ಟಿ ಹೋಗುತ್ತಿದ್ದರು. ಆಮೇಲೆ ಅದನ್ನು ಕಾಯುತ್ತಿದ್ದವನು ನೀರಗಂಟಿ. ಏರಿಯ ಮೇಲೆ ದಿನವೂ ನಡೆದು, ಎಲ್ಲಿ ಜಿನುಗಿದೆ, ಎಲ್ಲಿ ಕುಸಿದಿದೆಯೆಂದು ನೋಡುತ್ತಿದ್ದವನು ಅವನು. ಚಿಲಿಕೆಯಲ್ಲಿ ಇಂದು ದೋಣಿಯೇರಿ ಹೊರಡುವ ವಿಜ್ಞಾನಿ ಮಾಡುತ್ತಿರುವುದೂ ಅದೇ ಕೆಲಸ.